ಕೊಕ್ಕೆಗೆ ತೂಗಿದವರ ನೋವು ಎಲ್ಲಿ ಹೋಯಿತು?

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಗೆ ಜನ ಬೆಟ್ಟ ಹತ್ತುವುದು ಬರಿಗಾಲಿನಲ್ಲಿ. ಮಾಘದ ಬಿಸಿಲು ಇನ್ನೂ ಬೇಸಿಗೆಯ ಬಿಸಿಲಲ್ಲ. ಆದರೂ ಹೊತ್ತೇರಿದಂತೆ ಕಲ್ಲು ಮೆಟ್ಟಿಲು ಅಂಗಾಲಿಗೆ ಚುರುಕು ಮುಟ್ಟಿಸುತ್ತದೆ. ಕಲ್ಲಿನ ಜತೆಗೆ ಮುಳ್ಳಿನ ಕಾಟವೂ ಇದೆ. ಈ ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಎಲ್ಲಿ ಬೆಳೆಯುವುದಿಲ್ಲ ಎಂದು ಕೇಳುವುದೇ ಸುಲಭ. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಕೂಸು, ಬಾಯಲ್ಲಿ ‘ಉಧೋ ಉಧೋ’. ಅಷ್ಟರಲ್ಲಿ ಅಂಗಾಲಿಗೆ ಒಂದು ಜಾಲಿ ಮುಳ್ಳು. ಕಾಲು ತಟ್ಟನೆ ಮೇಲೇಳುತ್ತದೆ. ‘ಅಯ್ಯೋ’ ಎಂಬ ಮಾತು ಬರುವುದು ಆಮೇಲೆ.

ಈ ‘ಆಮೇಲೆ’ ಎಂಬುದರಲ್ಲೇ ಮನುಷ್ಯ ದೇಹದ ಒಂದು ದೊಡ್ಡ ಗುಟ್ಟು ಅಡಗಿದೆ. ಕಾಲು ಎತ್ತಬೇಕೆಂದು ಆ ಹೆಣ್ಣುಮಗಳು ಯೋಚಿಸಲಿಲ್ಲ. ನೋವಾಯಿತೆಂದು ಕಾಲೆತ್ತಿದಳು ಎಂದು ನಾವು ಹೇಳುತ್ತೇವಾದರೂ ನಡೆದದ್ದು ಹಾಗಲ್ಲ. ಕಾಲು ಎದ್ದಾಗ ನೋವಿನ ಸುದ್ದಿ ಮಿದುಳನ್ನು ಇನ್ನೂ ಸರಿಯಾಗಿ ಮುಟ್ಟಿಯೇ ಇರಲಿಲ್ಲ.

ಇದೇ ಬೆಟ್ಟದ ಸುತ್ತಲಿನ ನಾಡಿನಲ್ಲಿ, ಇದೇ ಹುಣ್ಣಿಮೆಯ ದಿನಗಳಲ್ಲಿ, ಇದಕ್ಕೆ ತದ್ವಿರುದ್ಧವಾದ ಇನ್ನೊಂದು ದೃಶ್ಯವನ್ನೂ ಕಾಣಬಹುದು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಕಂಚಾವೀರರು ಎಂದು ಕರೆಸಿಕೊಳ್ಳುವವರು ತಮ್ಮ ಮೀನಖಂಡಕ್ಕೆ ಬಗನಿ ಗೂಟ ಬಡಿದುಕೊಳ್ಳುವ ‘ಪವಾಡ’ ಕಾರಣಿಕದಷ್ಟೇ ಹೆಸರಾದದ್ದು. ವೀರಭದ್ರನ ಗುಡಿಗಳ ಮುಂದೆ ಪುರವಂತರು ಕೆನ್ನೆಗೆ, ನಾಲಿಗೆಗೆ ಶಸ್ತ್ರ ಹಾಕಿಸಿಕೊಳ್ಳುತ್ತಾರೆ. ಜಾಲಿ ಮುಳ್ಳಿಗೆ ತಟ್ಟನೆ ಎದ್ದ ಕಾಲು ಇಲ್ಲಿ ಗೂಟಕ್ಕೆ ಅಲುಗಾಡುವುದಿಲ್ಲ. ಕಾಲು ಅದೇ, ನರ ಅದೇ, ಬೆನ್ನುಹುರಿಯೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ದೇವರ ಮಹಿಮೆ ಎಂದು ಕೆಲವರು, ಮೋಸ ಎಂದು ಕೆಲವರು ಬಹುಕಾಲ ಜಗಳವಾಡಿದ್ದಾರೆ. ಕಳೆದ ಶತಮಾನದ ನರವಿಜ್ಞಾನ ಎರಡನ್ನೂ ಪೂರ್ತಿ ಒಪ್ಪದೆ ಬೇರೆಯೇ ಒಂದು ಉತ್ತರ ಕೊಟ್ಟಿತು. ಆ ಉತ್ತರ ರೂಪುಗೊಳ್ಳುವಾಗ ಭಾರತದ ಹಳ್ಳಿಯ ಒಂದು ಆಚರಣೆಯೂ ಸಾಕ್ಷಿಯಾಗಿ ನಿಂತಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಆ ಆಚರಣೆಯೇ ಸಿಡಿ.

ಸಿಡಿ ಎಂದರೆ ಈಗಿನ ಹುಡುಗರಿಗೆ ಹಾಡಿನ ತಟ್ಟೆ ನೆನಪಾಗುತ್ತದೆ. ಅಜ್ಜಂದಿರಿಗೆ ನೆನಪಾಗುವುದು ಗಾಡಿಯ ಮೇಲೆ ನೆಟ್ಟ ಕಂಬ, ಅದರ ತುದಿಯಲ್ಲಿ ಏತದಂತೆ ಏರಿಳಿಯುವ ಉದ್ದನೆಯ ತೊಲೆ, ತೊಲೆಯ ತುದಿಗೆ ಕಬ್ಬಿಣದ ಕೊಕ್ಕೆ. ಹರಕೆ ಹೊತ್ತವನ ಬೆನ್ನಿನ ಚರ್ಮ ಮಾಂಸಕ್ಕೆ ಕೊಕ್ಕೆ ಸಿಕ್ಕಿಸಿ, ತೊಲೆಯ ಇನ್ನೊಂದು ತುದಿಯನ್ನು ಕೆಳಗೆಳೆದರೆ ಆತ ಆಕಾಶಕ್ಕೇರುತ್ತಿದ್ದ. ಹಾಗೆಯೇ ಗುಡಿಯ ಸುತ್ತ ಗಾಡಿ ಎಳೆಯುತ್ತಿದ್ದರು.

ಇದು ಎಷ್ಟು ಹಳೆಯದು? ವಿಜಯನಗರಕ್ಕೆ 1420ರ ಆಸುಪಾಸಿನಲ್ಲಿ ಬಂದ ಇಟಲಿಯ ನಿಕೊಲೊ ಕೊಂಟಿ, ಪಕ್ಕೆಯಲ್ಲಿ ರಂಧ್ರ ಮಾಡಿಕೊಂಡು ಹಗ್ಗ ಪೋಣಿಸಿ ತೇರಿಗೆ ತೂಗುಬಿದ್ದವರ ಸಂಗತಿ ಹೇಳಿದ್ದಾನೆ. ಸುಮಾರು ನೂರು ವರ್ಷದ ನಂತರ, 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಅಧಿಕಾರಿ ದುಆರ್ತೆ ಬಾರ್ಬೋಸಾ ಬರೆದದ್ದು ಇನ್ನೂ ವಿವರವಾಗಿದೆ. ಅವನ ವರ್ಣನೆಯಲ್ಲಿ ಕೊಕ್ಕೆಗೆ ತೂಗಿದವಳು ಒಬ್ಬ ಹೆಣ್ಣು. ಬಯಸಿದವನ ಕೈಹಿಡಿಯುವಂತಾದರೆ ಸಿಡಿಯಾಡುತ್ತೇನೆಂದು ದೇವಿಗೆ ಹರಕೆ ಹೊತ್ತವಳು. ಬಾವಿಯಿಂದ ನೀರೆತ್ತುವ ಯಂತ್ರದಂಥ ತೊಲೆಯನ್ನು ಎತ್ತಿನ ಗಾಡಿಯ ಮೇಲೆ ಹೂಡಿ, ಸೊಂಟದ ಹತ್ತಿರ ಎರಡು ಕೊಕ್ಕೆ ಹಾಕಿ ಮೇಲೆತ್ತುತ್ತಾರೆ. ರಕ್ತ ಕಾಲಿನ ಮೇಲೆ ಇಳಿಯುತ್ತಿರುತ್ತದೆ. ಅವಳು ಕೈಯಲ್ಲಿ ಚಿಕ್ಕ ಗುರಾಣಿ ಹಿಡಿದು ಹಾಡುತ್ತ, ಕೂಗುತ್ತ, ಮದುವೆಯಾಗಲಿರುವ ಗಂಡಿನತ್ತ ನಿಂಬೆಹಣ್ಣು ಎಸೆಯುತ್ತಾಳೆ. ಪರದೇಶಿ ಪ್ರವಾಸಿಗಳ ಮಾತಿನಲ್ಲಿ ಉತ್ಪ್ರೇಕ್ಷೆ ಸಾಮಾನ್ಯ. ಆದರೆ ಈ ನಿಂಬೆಹಣ್ಣಿನ ವಿವರ ಕಂಡವರು ಹೇಳಿದ ಹಾಗೆಯೇ ಇದೆ. 1623ರಲ್ಲಿ ಕೆಳದಿ ಅರಸರ ಇಕ್ಕೇರಿಗೆ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆ ಕೂಡ ಇಂಥ ತೊಲೆಯನ್ನು ಕಂಡದ್ದಾಗಿ ಬರೆದಿದ್ದಾನೆ. ಶ್ರೀರಂಗಪಟ್ಟಣದ ಕಡೆ ಬಹುಕಾಲ ಇದ್ದು ‘ದೊಡ್ಡಸ್ವಾಮಿ’ ಎನಿಸಿಕೊಂಡ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 19ನೇ ಶತಮಾನದ ಆರಂಭದ ತನ್ನ ಗ್ರಂಥದಲ್ಲಿ ಇದನ್ನು ‘ಸಿಡಿಮಾರಿ’ ಎಂಬ ನಮ್ಮ ಹೆಸರಿನಿಂದಲೇ ಕರೆದಿದ್ದಾನೆ.

ಉಚ್ಚಂಗಿಯ ದೇವಿಗೂ ಈ ಸಿಡಿಯ ನಾಡಿಗೂ ಹಳೆಯ ನಂಟು. ನೊಳಂಬರು, ಉಚ್ಚಂಗಿಯ ಪಾಂಡ್ಯರು ಆಳಿದ, 1177ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಗೆದ್ದು ‘ಗಿರಿದುರ್ಗಮಲ್ಲ’ ಎನಿಸಿಕೊಂಡ ಈ ಕೋಟೆಯ ದೇವಿಯೇ ಚಿತ್ರದುರ್ಗದ ನಾಯಕರ ಮನೆದೇವರು. ಚಿತ್ರದುರ್ಗದಲ್ಲೂ ಉಚ್ಚಂಗಿ ಯಲ್ಲಮ್ಮನ ಗುಡಿ ಇದೆ. ಆ ಊರಿನ ಏಕನಾಥೇಶ್ವರಿಯ ಸಿಡಿ ಉತ್ಸವ ಸುತ್ತಲಿನ ಸೀಮೆಗೆಲ್ಲ ಗೊತ್ತು. ಬಳ್ಳಾರಿಯಲ್ಲಿ ಕನಕದುರ್ಗಮ್ಮನ ಸಿಡಿಬಂಡಿಯನ್ನು ಇಂದಿಗೂ ವರ್ಷಕ್ಕೊಮ್ಮೆ ಎಳೆಯುತ್ತಾರೆ. ಊರೂರಿನ ಅಮ್ಮಂದಿರ ಮುಂದೆ ಒಂದು ಕಾಲಕ್ಕೆ ಸಿಡಿಗಂಬ ಇದ್ದೇ ಇರುತ್ತಿತ್ತು.

ಕನ್ನಡದ ಕಿವಿಗೆ ಇಲ್ಲಿ ಇನ್ನೊಂದು ಸಂಗತಿ ಹೊಳೆಯಬೇಕು. ಬಾಗಿಸಿದ ಗಳು ಬಿಟ್ಟ ಕೂಡಲೇ ಚಿಮ್ಮುವುದು ಸಿಡಿ. ಬಿಸಿಲಿಗೆ ತಲೆನೋವು ಬಂದರೆ ‘ತಲೆ ಸಿಡೀತಾ ಇದೆ’ ಎನ್ನುತ್ತೇವಲ್ಲ, ಅದೂ ಸಿಡಿ. ಕುರು ಹಣ್ಣಾಗುವಾಗ ಬಡಿದುಕೊಳ್ಳುವುದು ಸಿಡಿತ. ಯಂತ್ರಕ್ಕೂ ಯಾತನೆಗೂ ಒಂದೇ ಮಾತು. ನೋವಿನ ವಿಷಯದಲ್ಲಿ ಕನ್ನಡ ಬಡ ಭಾಷೆಯಲ್ಲ. ಉರಿ, ಸೆಳೆತ, ಕಡಿತ, ಚುಚ್ಚು, ಹಿಂಡು, ಜುಮ್ಮು, ಜೋಮು ಎಂದು ಒಂದೊಂದಕ್ಕೂ ಒಂದೊಂದು ಹೆಸರಿದೆ. ಹಳ್ಳಿಯ ಮುದುಕಿ ಸೊಂಟನೋವನ್ನು ವಿವರಿಸುವಷ್ಟು ನಿಖರವಾಗಿ ಅನೇಕ ಸಲ ವೈದ್ಯರ ಚೀಟಿಯೂ ಹೇಳುವುದಿಲ್ಲ.

ಈಗ ಮುಳ್ಳು ಚುಚ್ಚಿದ ಕಾಲಿಗೆ ಹಿಂದಿರುಗೋಣ. ನೋವು ಹೇಗೆ ಉಂಟಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಕೊಟ್ಟ ಚಿತ್ರ ಸರಳವಾಗಿತ್ತು. ಅವನು ಸತ್ತ ಮೇಲೆ 1660ರ ದಶಕದಲ್ಲಿ ಪ್ರಕಟವಾದ ಗ್ರಂಥದಲ್ಲಿ, ಬೆಂಕಿಯ ಹತ್ತಿರ ಕಾಲಿಟ್ಟ ಹುಡುಗನ ಚಿತ್ರವಿದೆ. ಕಾಲಿನಿಂದ ಮಿದುಳಿಗೆ ಒಂದು ದಾರ. ದೇವಸ್ಥಾನದಲ್ಲಿ ಕೆಳಗೆ ಹಗ್ಗ ಎಳೆದರೆ ಮೇಲೆ ಗಂಟೆ ಬಾರಿಸುವಂತೆ, ಕಾಲು ಸುಟ್ಟರೆ ಮಿದುಳಿನಲ್ಲಿ ನೋವಿನ ಗಂಟೆ. ಹಗ್ಗ ಎಷ್ಟು ಜೋರಾಗಿ ಎಳೆದರೆ ಗಂಟೆ ಅಷ್ಟು ಜೋರು. ಈ ಚಿತ್ರ ಮುನ್ನೂರು ವರ್ಷ ವೈದ್ಯರ ತಲೆಯಲ್ಲಿ ಉಳಿಯಿತು.

19ನೇ ಶತಮಾನ ಇದಕ್ಕೆ ಒಂದಿಷ್ಟು ತಿದ್ದುಪಡಿ ಮಾಡಿತು. ಬೆನ್ನುಹುರಿಯ ಮುಂಭಾಗದಿಂದ ಹೊರಡುವ ನರಗಳು ಸ್ನಾಯುಗಳಿಗೆ ಆಜ್ಞೆ ಒಯ್ಯುತ್ತವೆ, ಹಿಂಭಾಗದ ನರಗಳು ಹೊರಗಿನ ಸುದ್ದಿ ತರುತ್ತವೆ ಎಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ಬೆಲ್ ಮತ್ತು ಫ್ರಾನ್ಸಿನ ಮಜಾಂಡಿ 1811ರಿಂದ 1822ರ ನಡುವೆ ಗುರುತಿಸಿದರು. 1833ರಲ್ಲಿ ಮಾರ್ಷಲ್ ಹಾಲ್ ಎಂಬ ವೈದ್ಯ, ಮಿದುಳಿನ ಅಪ್ಪಣೆಗೆ ಕಾಯದೆ ಬೆನ್ನುಹುರಿಯೇ ಉತ್ತರ ಕೊಡುವ ಕೆಲಸಗಳಿವೆ ಎಂದು ವಿವರಿಸಿದ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಪರಾವರ್ತಿತ ಕ್ರಿಯೆ ಎನ್ನುವುದು ಇದನ್ನೇ. ತಾಲ್ಲೂಕು ಕಚೇರಿಯಲ್ಲೇ ಇತ್ಯರ್ಥವಾಗುವ ಅರ್ಜಿಯನ್ನು ಬೆಂಗಳೂರಿನವರೆಗೆ ಒಯ್ಯುವುದು ಯಾಕೆ? ಮುಳ್ಳಿನ ಸುದ್ದಿ ಜ್ಞಾನವಾಹಿ ನರದ ಮೂಲಕ ಬೆನ್ನುಹುರಿಗೆ ಬರುತ್ತದೆ. ಅಲ್ಲಿನ ನಡುವಣ ನರಕೋಶಗಳು ಅದನ್ನು ಕ್ರಿಯಾವಾಹಿ ನರಕ್ಕೆ ದಾಟಿಸುತ್ತವೆ. ತೊಡೆ ಮಡಚುತ್ತದೆ, ಕಾಲು ಮೇಲೇಳುತ್ತದೆ. ಇಷ್ಟಕ್ಕೆ ಬೇಕಾಗುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಪ್ರತಿಯನ್ನು ಮಾತ್ರ ಮೇಲಿನ ಕಚೇರಿಗೂ ಕಳಿಸಲಾಗುತ್ತದೆ, ಅದು ತಲುಪಿದಾಗ ‘ಅಯ್ಯೋ’.

ಬೆನ್ನುಹುರಿಯ ಜಾಣತನ ಇಲ್ಲಿಗೇ ನಿಲ್ಲುವುದಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲು ಏಕಾಏಕಿ ಎದ್ದರೆ ಬುಟ್ಟಿ ಹೊತ್ತವಳು ಉರುಳಬೇಕಿತ್ತು. ಉರುಳುವುದಿಲ್ಲ. ಅದೇ ಕ್ಷಣಕ್ಕೆ ಇನ್ನೊಂದು ಕಾಲಿನ ಸ್ನಾಯುಗಳು ಬಿಗಿದು ಇಡೀ ಮೈಭಾರವನ್ನು ಹೊರುತ್ತವೆ. ಇಂಥ ಹೊಂದಾಣಿಕೆಗಳನ್ನೆಲ್ಲ ವರ್ಷಗಟ್ಟಲೆ ಅಳೆದು ತೂಗಿ 1906ರಲ್ಲಿ ಗ್ರಂಥವಾಗಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ಅವರಿಗೆ 1932ರಲ್ಲಿ ನೊಬೆಲ್ ಬಂತು.

ನೋವು ಎರಡು ಕಂತಿನಲ್ಲಿ ಬರುತ್ತದೆ ಎಂಬುದನ್ನು ಮುಳ್ಳು ತುಳಿದ ಯಾರು ಬೇಕಾದರೂ ಗಮನಿಸಬಹುದು. ಮೊದಲು ಚುರ್ ಎಂಬ ಹರಿತ ನೋವು, ಕ್ಷಣ ಬಿಟ್ಟು ಹರಡಿಕೊಳ್ಳುವ ಮಂದ ಉರಿ. ಮೊದಲನೆಯದನ್ನು ತರುವ ನರತಂತುಗಳಿಗೆ ತೆಳುವಾದ ಕೊಬ್ಬಿನ ಹೊದಿಕೆಯಿದೆ, ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತವೆ. ಎರಡನೆಯದು ಹೊದಿಕೆಯಿಲ್ಲದ ಸಣ್ಣ ತಂತುಗಳ ಕೆಲಸ. ಅವುಗಳ ವೇಗ ಸೆಕೆಂಡಿಗೆ ಒಂದು ಮೀಟರ್‌ನ ಸುತ್ತಮುತ್ತ, ಅಂದರೆ ನಡೆದುಹೋಗುವ ಮನುಷ್ಯನ ವೇಗ. ಅಂಗಾಲಿನಿಂದ ಹೊರಟ ಉರಿಯ ಸುದ್ದಿ ತಲೆಗೆ ಮುಟ್ಟಲು ಒಂದು ಸೆಕೆಂಡಿಗೂ ಹೆಚ್ಚು ಬೇಕು. ಸ್ಪರ್ಶದ ಸುದ್ದಿ ತರುವ ದಪ್ಪ ತಂತುಗಳು ಇವೆರಡಕ್ಕಿಂತಲೂ ಚುರುಕು. ಈ ದಪ್ಪ ತಂತುಗಳ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಡೆಕಾರ್ಟನ ಗಂಟೆಯ ಲೆಕ್ಕ ತಪ್ಪಿದ್ದು ಯುದ್ಧದ ನೆಲದಲ್ಲಿ. 1944ರಲ್ಲಿ ಇಟಲಿಯ ಆಂಜಿಯೊ ಕಡಲತೀರದ ಸೈನಿಕ ಆಸ್ಪತ್ರೆಯಲ್ಲಿ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಒಂದು ವಿಚಿತ್ರ ಕಂಡರು. ಮೈ ಛಿದ್ರವಾಗಿ ಬಂದ ಸೈನಿಕರಲ್ಲಿ ಮುಕ್ಕಾಲು ಪಾಲು ಮಂದಿ ನೋವಿಗೆ ಔಷಧ ಬೇಕೆಂದು ಕೇಳಲಿಲ್ಲ. ಇವರು ಪ್ರಜ್ಞೆ ತಪ್ಪಿದವರಲ್ಲ. ಸೂಜಿಯನ್ನು ಒಡ್ಡೊಡ್ಡಾಗಿ ಚುಚ್ಚಿದರೆ ಬಯ್ಯುತ್ತಿದ್ದರು. ಊರಿನಲ್ಲಿ ಇದಕ್ಕಿಂತ ಚಿಕ್ಕ ಗಾಯದ ರೋಗಿಗಳು ಅರಚಾಡಿದ್ದನ್ನು ಕಂಡಿದ್ದ ಬೀಚರ್‌ಗೆ ಹೊಳೆದ ಕಾರಣ ಇದು: ಆ ಸೈನಿಕನಿಗೆ ಗಾಯವೆಂದರೆ ಜೀವ ಉಳಿಯಿತು, ಮನೆಗೆ ಹೋಗುವ ದಾರಿ ತೆರೆಯಿತು ಎಂಬ ಅರ್ಥ. ಅದೇ ಗಾಯ ಊರಿನ ಕೂಲಿಕಾರನಿಗೆ ದುಡಿಮೆ ನಿಂತಿತು ಎಂಬ ಅರ್ಥ. ಗಾಯದ ಗಾತ್ರಕ್ಕೂ ನೋವಿನ ಗಾತ್ರಕ್ಕೂ ನೇರ ಲೆಕ್ಕವಿಲ್ಲ ಎಂದಾಯಿತು.

ಇದನ್ನು ನರಗಳ ಭಾಷೆಯಲ್ಲಿ ಹೇಳಿದವರು ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಝಾಕ್ ಮತ್ತು ಬ್ರಿಟನ್ನಿನ ಪ್ಯಾಟ್ರಿಕ್ ವಾಲ್. 1965ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ಹೀಗೆ. ಬೆನ್ನುಹುರಿಯ ಹಿಂಭಾಗದಲ್ಲಿ ನೋವಿನ ಸುದ್ದಿ ಒಳಹೊಕ್ಕುವ ಕಡೆ ಒಂದು ಬಾಗಿಲಿದೆ. ಸಣ್ಣ ತಂತುಗಳು ಅದನ್ನು ತೆರೆಯುತ್ತವೆ. ಸ್ಪರ್ಶದ ದಪ್ಪ ತಂತುಗಳು ಅದನ್ನು ಮುಚ್ಚಲು ನೋಡುತ್ತವೆ. ಜಾರಿಬಿದ್ದು ಮಂಡಿ ಕೆತ್ತಿಸಿಕೊಂಡ ಮಗುವಿನ ಕಾಲನ್ನು ತಾಯಿ ಉಜ್ಜಿ, ಉಫ್ ಎಂದು ಊದುತ್ತಾಳಲ್ಲ, ಆಗ ನಡೆಯುವುದು ಇದೇ. ಉಜ್ಜಿದ ಸ್ಪರ್ಶ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮಿದುಳಿನಿಂದ ಕೆಳಗಿಳಿದು ಬರುವ ನರಗಳೂ ಈ ಬಾಗಿಲಿಗೆ ಅಪ್ಪಣೆ ಕೊಡಬಲ್ಲವು. ಸಿದ್ಧಾಂತದ ಸಣ್ಣಪುಟ್ಟ ವಿವರಗಳನ್ನು ಮುಂದಿನ ಸಂಶೋಧಕರು ತಿದ್ದಿದ್ದಾರೆ. ಆದರೆ ಮೇಲಿನಿಂದ ಇಳಿಯುವ ಅಪ್ಪಣೆಯ ಮಾತು ಗಟ್ಟಿಯಾಗಿ ನಿಂತಿದೆ.

ಅಡುಗೆಮನೆಯಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. ಖಾಲಿ ಪಾತ್ರೆ ಕೈ ಸುಟ್ಟರೆ ಅದು ಢಣ್ ಎಂದು ನೆಲಕ್ಕೆ ಬೀಳುತ್ತದೆ. ಕಾದ ಹಾಲು ತುಂಬಿದ ಪಾತ್ರೆ ಸುಟ್ಟರೆ, ಅದರಲ್ಲೂ ಕಾಲ ಹತ್ತಿರ ಮಗು ಕೂತಿದ್ದರೆ, ಹಲ್ಲು ಕಚ್ಚಿಕೊಂಡು ಕಟ್ಟೆಗೆ ಇಟ್ಟ ಮೇಲೆಯೇ ಕೈ ಬಿಡುವುದು. ಬೆನ್ನುಹುರಿ ‘ಬಿಡು’ ಎಂದಿತು, ಮಿದುಳು ‘ತಡಿ’ ಎಂದಿತು. ಪರಾವರ್ತಿತ ಕ್ರಿಯೆ ಯಂತ್ರದಂತೆ ಕುರುಡಲ್ಲ. ಮುನ್ನೆಚ್ಚರಿಕೆ ಇದ್ದರೆ ಅದನ್ನು ಅಡಗಿಸಿಡಬಹುದು. ಗೂಟಕ್ಕೆ ಅಲುಗದ ಮೀನಖಂಡದ ವಿಷಯದಲ್ಲಿ ಮೊದಲು ಗಮನಿಸಬೇಕಾದದ್ದು ಇದನ್ನು. ಜಾಲಿ ಮುಳ್ಳು ಹೇಳದೆ ಬರುತ್ತದೆ, ಬಗನಿ ಗೂಟ ಹೇಳಿಯೇ ಬರುತ್ತದೆ.

ಸಿಡಿ ಈ ಕಥೆಗೆ ಬರುವುದು ಇಲ್ಲಿ. ಗೋವೆಯಲ್ಲಿ ಹುಟ್ಟಿ ಗಣಿತಜ್ಞರಾಗಿ, ಇತಿಹಾಸಕಾರರಾಗಿ ಹೆಸರು ಮಾಡಿದ ದಾಮೋದರ ಧರ್ಮಾನಂದ ಕೊಸಾಂಬಿ ಭಾರತದ ಹಳ್ಳಿಗಳಲ್ಲಿ ಉಳಿದಿರುವ ಆದಿಕಾಲದ ಆಚರಣೆಗಳ ಬಗ್ಗೆ ಬರೆದ ಲೇಖನವೊಂದು, ಅವರು ತೀರಿಕೊಂಡ ಮರುವರ್ಷ, 1967ರ ಫೆಬ್ರುವರಿಯಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಕೊಕ್ಕೆಗೆ ತೂಗುವ ಆಚರಣೆಯ ವರ್ಣನೆಯಿತ್ತು. ಮಕ್ಕಳನ್ನೂ ಬೆಳೆಯನ್ನೂ ಹರಸಲು ಊರು ಆರಿಸಿದ ಒಬ್ಬ ವ್ಯಕ್ತಿ, ಬೆನ್ನಿನ ಕೆಳಭಾಗಕ್ಕೆ ಎರಡು ಕೊಕ್ಕೆ, ಊರಿಂದೂರಿಗೆ ಹೋಗುವ ಗಾಡಿ. ಮೆಲ್ಝಾಕ್ ತಮ್ಮ 1973ರ ನೋವಿನ ಗ್ರಂಥದಲ್ಲಿ ಇದನ್ನು ಎತ್ತಿಕೊಂಡರು. ಆತನ ಮುಖದಲ್ಲಿ ಯಾತನೆಯ ಗುರುತಿಲ್ಲ, ಒಂದು ಬಗೆಯ ಉನ್ಮಾದದಲ್ಲಿದ್ದಾನೆ, ಗಾಯಕ್ಕೆ ಬೂದಿ ಮೆತ್ತಿದರೂ ಬೇಗ ಮಾಯುತ್ತದೆ ಎಂಬುದು ಅವರನ್ನು ಯೋಚನೆಗೆ ಹಚ್ಚಿತು. ಗಂಟೆ ಹಗ್ಗದ ಸಿದ್ಧಾಂತ ನಿಜವಾಗಿದ್ದರೆ ಆ ಮನುಷ್ಯ ಕಿರುಚಬೇಕಿತ್ತು. ಹೀಗೆ ಅಮ್ಮನ ಹರಕೆಯ ತೊಲೆ ನರವಿಜ್ಞಾನದ ಪಠ್ಯದೊಳಗೆ ಬಂತು. ಅಂದ ಹಾಗೆ, ಇದೇ ಮೆಲ್ಝಾಕ್ 1975ರಲ್ಲಿ ರೋಗಿಗಳು ನೋವಿಗೆ ಬಳಸುವ ಮಾತುಗಳನ್ನು ಕಲೆಹಾಕಿ, 78 ಪದಗಳ ಒಂದು ಪ್ರಶ್ನಾವಳಿ ಮಾಡಿದರು. ಸಿಡಿತ, ಸೆಳೆತ, ಉರಿಗಳ ಲೆಕ್ಕ ಆಸ್ಪತ್ರೆಯ ಕಾಗದಕ್ಕೆ ಬಂದದ್ದು ಆಗ.

ಮುಂದಿನ ಶೋಧಗಳು ಬೇಗಬೇಗ ಬಂದವು. 1969ರಲ್ಲಿ ಡೇವಿಡ್ ರೆನಾಲ್ಡ್ಸ್, ನಡುಮಿದುಳಿನ ಒಂದು ಭಾಗಕ್ಕೆ ಸಣ್ಣ ವಿದ್ಯುತ್ ಹರಿಸಿ ಅರಿವಳಿಕೆಯಿಲ್ಲದೆಯೇ ಇಲಿಗೆ ಶಸ್ತ್ರಕ್ರಿಯೆ ಮಾಡಿ ತೋರಿಸಿದರು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಸ್, ಅಫೀಮಿನಂತೆ ವರ್ತಿಸುವ ರಸಾಯನಗಳನ್ನು ಮಿದುಳು ತಾನೇ ತಯಾರಿಸುತ್ತದೆಂದು ಕಂಡುಹಿಡಿದರು. 1978ರಲ್ಲಿ ಅಮೆರಿಕದಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು. ನೋವಿನ ಔಷಧವೆಂದು ನಂಬಿ ಏನೂ ಇಲ್ಲದ ದ್ರವವನ್ನು ಚುಚ್ಚಿಸಿಕೊಂಡ ಕೆಲವರಿಗೆ ನೋವು ನಿಜವಾಗಿಯೂ ಇಳಿಯಿತು. ಅಫೀಮಿನ ಪರಿಣಾಮವನ್ನು ತಡೆಯುವ ಮದ್ದು ಕೊಟ್ಟಾಗ ಆ ನೋವು ಹಿಂದಿರುಗಿತು. ನಂಬಿಕೆ ಎಂಬುದು ಬರಿಯ ಮಾತಲ್ಲ, ದೇಹದೊಳಗೆ ಒಂದು ರಸವನ್ನೇ ಹರಿಸುತ್ತದೆ ಎಂದಾಯಿತು. ಉಪವಾಸ, ನಿದ್ದೆಗೆಟ್ಟ ರಾತ್ರಿ, ಡೊಳ್ಳು ಸಮ್ಮೇಳ, ಭಂಡಾರದ ಹಳದಿ, ಸಾವಿರ ಗಂಟಲಿನ ‘ಏಳುಕೋಟಿ’ ಘೋಷ, ಇಡೀ ಊರಿನ ಕಣ್ಣು ತನ್ನ ಮೇಲಿದೆ ಎಂಬ ಅರಿವು — ಬೆನ್ನುಹುರಿಯ ಬಾಗಿಲು ಮುಚ್ಚಿಸಲು ಇದಕ್ಕಿಂತ ಬಲವಾದ ಅಪ್ಪಣೆ ಯಾವುದು?

ಕೊಕ್ಕೆ ಹಾಕುವ ಜಾಗದ ಆಯ್ಕೆಯಲ್ಲೂ ತಲೆಮಾರುಗಳ ಅನುಭವ ಇದೆಯೆನಿಸುತ್ತದೆ. ಎರಡು ಕಡ್ಡಿಗಳ ಮೊನೆಯನ್ನು ಬೆರಳ ತುದಿಗೆ ತಾಗಿಸಿದರೆ 2-3 ಮಿಲಿಮೀಟರ್ ಅಂತರದಲ್ಲೂ ಎರಡು ಎಂದು ಗೊತ್ತಾಗುತ್ತದೆ. ಬೆನ್ನಿನಲ್ಲಿ, ಮೀನಖಂಡದಲ್ಲಿ 4 ಸೆಂಟಿಮೀಟರ್‌ನಷ್ಟು ದೂರ ಇಟ್ಟರೆ ಮಾತ್ರ ಎರಡೆನಿಸುತ್ತವೆ. ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗ ಇದು. ಅಲ್ಲಿ ನೋವೇ ಇಲ್ಲವೆಂದಲ್ಲ. ಆದರೆ ಬೆರಳಿಗೋ ತುಟಿಗೋ ಕೊಕ್ಕೆ ಹಾಕುವ ಹರಕೆಯನ್ನು ಯಾರೂ ಹೊತ್ತಂತಿಲ್ಲ. ಕೆಂಡ ಹಾಯುವುದರ ವಿಷಯ ಬೇರೆ. ಅಲ್ಲಿ ನರಕ್ಕಿಂತ ಬೂದಿ ಮುಚ್ಚಿದ ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ ಎಂಬುದೇ ದೊಡ್ಡ ಕಾರಣ. ನಿಂತರೆ ಯಾರ ಕಾಲಾದರೂ ಸುಡುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆಯನ್ನು ವಿಜ್ಞಾನಿಗಳೂ ಪ್ರವಾಸಿಗಳೂ ಸರಿಯಾಗಿ ಕೇಳಲಿಲ್ಲ. ಮುಖದಲ್ಲಿ ಯಾತನೆ ಕಾಣಲಿಲ್ಲ ಎಂದರೆ ಯಾತನೆ ಇರಲಿಲ್ಲ ಎಂದೇ? ಬಾರ್ಬೋಸಾ ಕಂಡ ಹೆಣ್ಣು ಹಾಡಿದಳು, ಕೂಗಿದಳು. ಆ ಕೂಗಿನಲ್ಲಿ ಏನೇನಿತ್ತೆಂದು ಕೆಳಗೆ ನಿಂತವರಿಗೆ ತಿಳಿಯುವುದು ಹೇಗೆ? ತೊಲೆ ಇಳಿದು, ಡೊಳ್ಳು ನಿಂತು, ಜನ ಊಟಕ್ಕೆ ಹೋದ ಮೇಲಿನ ರಾತ್ರಿಯ ಬಗ್ಗೆ ಯಾವ ಪ್ರವಾಸಿಯೂ ಬರೆದಿಲ್ಲ. ಆಂಜಿಯೊದ ಸೈನಿಕರ ವಿಷಯದಲ್ಲಾದರೂ ಬೀಚರ್ ಅವರನ್ನೇ ಕೇಳಿ ಬರೆದುಕೊಂಡರು. ಸಿಡಿಯ ಮೇಲೆ ತೂಗಿದವರನ್ನು ಕೇಳಿದವರು ಕಡಿಮೆ.

ಯಾರು ತೂಗುತ್ತಿದ್ದರು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಹರಕೆ ಒಬ್ಬರದು, ಕೊಕ್ಕೆ ಇನ್ನೊಬ್ಬರ ಬೆನ್ನಿಗೆ ಎಂಬ ಏರ್ಪಾಡು ಹಲವೆಡೆ ಇತ್ತು. ಉಳ್ಳವರ ಹರಕೆಗೆ ಹಣ, ಬಟ್ಟೆ, ಕಾಳು ಪಡೆದು ಕೆಳಜಾತಿಯ ಬಡವ ತೂಗಿದ ದಾಖಲೆಗಳಿವೆ. ಬ್ರಿಟಿಷ್ ಸರ್ಕಾರದಲ್ಲಿ ನಡೆದ ದೀರ್ಘ ವಾದ ಇದೇ ಎಳೆಯ ಸುತ್ತ ತಿರುಗಿತು. ಬಂಗಾಳದಲ್ಲಿ 1865ರಲ್ಲಿ ನಿಷೇಧ ಬಂತು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಗಳನ್ನೊಳಗೊಂಡ ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯ ಸೇರಿದ್ದು 1953ರಲ್ಲಿ. ಮದ್ರಾಸ್ ಸರ್ಕಾರ 1850ರ ದಶಕದಲ್ಲಿ ವಿಚಾರಣೆ ನಡೆಸಿಯೂ ಪೂರಾ ನಿಷೇಧಿಸದೆ, ಅಧಿಕಾರಿಗಳು ಮನವೊಲಿಸಿ ಬಿಡಿಸಲಿ ಎಂದಿತು. ಇದು ಸ್ವಇಚ್ಛೆಯ ಭಕ್ತಿ, ನೋವೂ ಹೆಚ್ಚಿಲ್ಲ, ಹಾಗಿದ್ದ ಮೇಲೆ ಸರ್ಕಾರಕ್ಕೇನು ಎಂಬುದು ಒಂದು ಪಕ್ಷ. ಇಚ್ಛೆ ಯಾರದು ಎಂಬುದು ಇನ್ನೊಂದು ಪಕ್ಷ. 1891ರಲ್ಲಿ ಮಧುರೆಯ ಹತ್ತಿರದ ಶೋಳವಂದಾನಿನಲ್ಲಿ ಮತ್ತೆ ಸಿಡಿಯಾಡಿದಾಗ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. 1894ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಸಿಡಿಗೆ ನಿಷೇಧ ಬಂತು.

ನೋವು ಹೆಚ್ಚಿಲ್ಲ ಎಂಬುದನ್ನು ಅನುಮತಿಯ ಕಾರಣವಾಗಿ ಹೇಳಿದ್ದು ಆ ವಾದದ ಅತ್ಯಂತ ದುರ್ಬಲ ಭಾಗ. ನರವ್ಯೂಹ ಸಂಕಟದ ಹೊತ್ತಿಗೆ ಬಾಗಿಲು ಮುಚ್ಚಿ ಕಾಪಾಡುತ್ತದೆ. ಹಾಗೆಂದು ಸಂಕಟಕ್ಕೆ ದೂಡಿದವರ ಹೊಣೆ ಕಡಿಮೆಯಾಗದು. ಉಚ್ಚಂಗಿಯ ಬೆಟ್ಟಕ್ಕೇ ಈ ಮಾತು ತಗಲುತ್ತದೆ. ಭರತ ಹುಣ್ಣಿಮೆಯಂದು ಇಲ್ಲಿ ಬಡ ದಲಿತ ಮನೆಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು. ಹಿರಿಯರ ಹರಕೆ, ಹುಡುಗಿಯ ಬದುಕು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಆ ಮೇಲೂ ಜಾತ್ರೆಯ ದಿನ ಬೆಟ್ಟದ ಮೇಲೆ ಪೊಲೀಸರನ್ನು ಕಾವಲಿಡಬೇಕಾಯಿತು.

ಸಿಡಿ ಮಾತ್ರ ರೂಪ ಬದಲಿಸಿ ಉಳಿಯಿತು. ಮೈಸೂರು ಸೀಮೆಯಲ್ಲಿ ಮನುಷ್ಯನ ಜಾಗಕ್ಕೆ ‘ಸಿಡಿ ವೀರಣ್ಣ’ ಎಂಬ ಗೊಂಬೆ ಬಂತು. ಕೆಲವೆಡೆ ಕುರಿ, ಕೆಲವೆಡೆ ಕುಂಬಳಕಾಯಿ. ಇನ್ನು ಹಲವೆಡೆ ಮನುಷ್ಯನೇ ಏರುತ್ತಾನೆ, ಕೊಕ್ಕೆಯ ಬದಲು ಸೊಂಟಕ್ಕೆ ಬಟ್ಟೆ, ಹಗ್ಗ ಬಿಗಿಯುತ್ತಾರೆ. ಮಂಡ್ಯ ಜಿಲ್ಲೆಯ ಮಳವಳ್ಳಿಯ ಸಿಡಿ ಹಬ್ಬಕ್ಕೆ ಈಗಲೂ ಜನಸಾಗರ. ಕರ್ನಾಟಕ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿ 2020ರ ಜನವರಿಯಿಂದ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆಯ ಪಟ್ಟಿಯಲ್ಲಿ ಮೈಗೆ ಕೊಕ್ಕೆ ಹಾಕಿ ತೂಗುವ ಸಿಡಿ, ದವಡೆಯಿಂದ ದವಡೆಗೆ ಸರಳು ಚುಚ್ಚುವ ಬಾಯಿಬೀಗ ಎರಡೂ ಸೇರಿವೆ. ಕಾಗದದ ಮೇಲಿನ ಪಟ್ಟಿಗೂ ಜಾತ್ರೆಯ ಬಯಲಿಗೂ ಇರುವ ದೂರ ಬಲ್ಲವರೇ ಬಲ್ಲರು.

ನೋವೇ ಬಾರದ ದೇಹ ಹೇಗಿರುತ್ತದೆ? ಅದು ವರವಲ್ಲ ಎಂದು ತೋರಿಸಿಕೊಟ್ಟವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಕುಷ್ಠರೋಗದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂಬುದು ಶತಮಾನಗಳ ನಂಬಿಕೆ. ರೋಗಾಣು ಕೊಲ್ಲುವುದು ನರವನ್ನು, ಬೆರಳನ್ನಲ್ಲ ಎಂದು ಬ್ರಾಂಡ್ ಒತ್ತಿ ಹೇಳಿದರು. ಬಿಸಿ ಪಾತ್ರೆ ಹಿಡಿದರೂ ಕೈ ಹಿಂದೆ ಸರಿಯದು, ಮೊಳೆ ತುಳಿದರೂ ಕಾಲು ಏಳದು. ಗೊತ್ತಾಗದ ಗಾಯಕ್ಕೆ ಕೀವಾಗಿ, ಕೀವು ಎಲುಬಿಗಿಳಿದು ಬೆರಳು ಹೋಗುತ್ತದೆ. ಊರಾಚೆ ದೂಡಿಸಿಕೊಂಡವರ ದೇಹದಲ್ಲಿ ಕಳೆದುಹೋಗಿದ್ದುದು ಆ ಸೆಕೆಂಡಿನ ಹತ್ತನೇ ಒಂದು ಭಾಗ.

ಕುಷ್ಠ ಈಗ ಔಷಧದಿಂದ ವಾಸಿಯಾಗುವ ರೋಗ. ಆದರೆ ಕಾಲಿನ ನರಗಳನ್ನು ಸದ್ದಿಲ್ಲದೆ ಮಂಕು ಮಾಡುವ ಸಕ್ಕರೆ ಕಾಯಿಲೆ ಊರೂರಲ್ಲಿದೆ. ಅಂಗಾಲು ಜೋಮು ಹಿಡಿದಂತಿದೆ, ಹತ್ತಿಯ ಮೇಲೆ ನಡೆದಂತಾಗುತ್ತದೆ ಎಂದು ಶುರುವಾಗುವುದು ಇದೇ. ಆಸ್ಪತ್ರೆಯಲ್ಲಿ ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಬಾಗುವಷ್ಟು ಒತ್ತಿ, ಗೊತ್ತಾಯಿತೇ ಎಂದು ಕೇಳುತ್ತಾರೆ. ಗೊತ್ತಾಗದಿದ್ದರೆ ಬರಿಗಾಲಲ್ಲಿ ನಡೆಯಬೇಡಿ ಎಂದು ಕಟ್ಟುನಿಟ್ಟಾಗಿ ಹೇಳುತ್ತಾರೆ. ಹುಣ್ಣಿಮೆ ಬಂದಾಗ ಈ ಮಾತು ನೆನಪಿರುವುದು ಕಷ್ಟ. ಹಿರಿಯರು ಚಪ್ಪಲಿಯನ್ನು ಬೆಟ್ಟದ ಬುಡದಲ್ಲೇ ಬಿಡುತ್ತಾರೆ. ಕಾದ ಕಲ್ಲು, ಜಾಲಿ ಮುಳ್ಳು ಯಾವುದೂ ಅವರನ್ನು ತಡೆಯುವುದಿಲ್ಲ. ಅಮ್ಮನ ದಯೆ, ಕಾಲಿಗೆ ಏನೂ ಆಗಲಿಲ್ಲ ಎಂದು ಸಂತೋಷದಿಂದಲೇ ಮೇಲೇರುತ್ತಾರೆ. ಹಿಂದಿನಿಂದ ಬರುವ ಮೊಮ್ಮಗ ಮೆಟ್ಟಿಲ ಮೇಲಿನ ರಕ್ತದ ಗುರುತು ಕಂಡು ‘ತಾತಾ, ಕಾಲು ನೋಡ್ಕೋ’ ಎಂದು ಕೂಗಿದಾಗಲೇ ಅವರು ಬಗ್ಗಿ ಅಂಗಾಲು ತಿರುಗಿಸಿ ನೋಡುವುದು.